ಲೀಕ್ ಹೊತ್ತ ಕಾರಿಗೆ ಒಂದು ದಿನದ ವಿಮೆ

ಗುರುವಾರ ಬೆಳಿಗ್ಗೆ ಥೋರಾ ಹೆಪ್ಪಲ್‌ಳ ಕಾರು ವರ್ಷದ ತಪಾಸಣೆಯಲ್ಲಿ ನಪಾಸಾಯಿತು. ಗ್ಯಾರೇಜಿನ ಟ್ವೆಡಲ್ ಕಾರನ್ನು ಮೇಲಕ್ಕೆತ್ತಿ, ಅದರ ಹೊಟ್ಟೆಯ ಕೆಳಗೆ ನಿಂತು, ತುಕ್ಕು ಹಿಡಿದ ಜಾಗಕ್ಕೆ ಸ್ಕ್ರೂಡ್ರೈವರ್ ಚುಚ್ಚಿದ. ಅದು ಬೆಂದ ಕಡುಬಿಗೆ ಇಳಿದ ಹಾಗೆ ಇಳಿಯಿತು.

"ಸೋಮವಾರದೊಳಗೆ ಆಗೋ ಮಾತಲ್ಲ, ಮಿಸ್," ಎಂದ. ವಿದರ್ಲಾ ಊರಿನಲ್ಲಿ ಐವತ್ತರೊಳಗಿನವರೆಲ್ಲ ಅವಳ ಹತ್ತಿರ ಭೂಗೋಳ ಕಲಿತವರು. ತಲೆಗೂದಲು ಉದುರಿದ ಮೇಲೂ ಅವಳನ್ನು ಮಿಸ್ ಎಂದೇ ಕರೆಯುತ್ತಿದ್ದರು. "ಶನಿವಾರ ಲೀಕ್ ಪ್ರದರ್ಶನ ಅಂತ ನಂಗೂ ಗೊತ್ತು. ಆದ್ರೆ ಇದನ್ನ ಹೀಗೇ ರಸ್ತೆಗೆ ಬಿಟ್ರೆ ನಿಮ್ಮ ಕಾಲ ಕೆಳಗಿನ ತಗಡು ಒಂದು ಕಡೆ ಇರುತ್ತೆ, ನೀವು ಇನ್ನೊಂದು ಕಡೆ ಇರ್ತೀರಿ."

"ಬದಲಿಗೆ ಕೊಡೋಕೆ ಒಂದು ಕಾರೂ ಇಲ್ವೇನೋ?"

"ಇತ್ತು ಮಿಸ್. ಪಾದ್ರಿಗಳು ತಗೊಂಡು ಹೋಗಿ ಚರ್ಚಿನ ಗೇಟಿಗೇ ಗುದ್ದಿದ್ರು."

ಥೋರಾ ಎಡಹುಬ್ಬನ್ನು ಏರಿಸಿದಳು. ವರ್ಷಗಟ್ಟಲೆ ಹುಡುಗರ ಸುಳ್ಳು ಕೇಳಿ ಕೇಳಿ ಆ ಹುಬ್ಬು ಏರುವುದನ್ನೇ ರೂಢಿ ಮಾಡಿಕೊಂಡಿತ್ತು. ಇಳಿಯುವುದನ್ನು ಕಂಡವರು ಕಡಿಮೆ. ಟ್ವೆಡಲ್ ತನ್ನ ವ್ಯಾನಿನಲ್ಲೇ ಅವಳನ್ನು ಮನೆಗೆ ಬಿಟ್ಟ. ಅವಳು ಕೂರುವ ಮೊದಲು ಎಣ್ಣೆಗರೆಯ ಸೀಟಿನ ಮೇಲೆ ಒಗೆದ ಟವೆಲ್ಲೊಂದನ್ನು ಹಾಸಿದ. ಅವಳದನ್ನು ನೋಡಿಯೂ ನೋಡದಂತೆ ಕೂತಳು.

ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಈರುಳ್ಳಿಯ ನೆಂಟನಾದ ಲೀಕ್ ತರಕಾರಿ ಮೂರನ್ನು ತಂದು ಮೇಜಿನ ಮೇಲೆ ಇಡದಿದ್ದರೆ ಅವಳ ತೋಟ ಕೈತಪ್ಪುತ್ತಿತ್ತು. ರೈಲುಹಳಿಯ ಹಿಂದಿನ ಸಾಲುತೋಟಗಳು ಲೀಕ್ ಕ್ಲಬ್ಬಿನ ಆಸ್ತಿ. ತೋಟ ಹಿಡಿದವರು ಪ್ರತಿವರ್ಷ ಪ್ರದರ್ಶನಕ್ಕೆ ಇಡಬೇಕು, ಇಡದವರು ಚಳಿಗಾಲಕ್ಕೆ ಮುಂಚೆ ಜಾಗ ಬಿಡಬೇಕು. ಊರಿನ ಗಣಿ ಮುಚ್ಚಿತು, ಶಾಲೆಯನ್ನು ಕೆಡವಿ ಮನೆ ಕಟ್ಟಿದರು, ಬ್ಯಾಂಡಿನವರು ಕಹಳೆ ಮಾರಿಕೊಂಡರು. ಈ ಕಾಯಿದೆ ಮಾತ್ರ ಅಲುಗಲಿಲ್ಲ. ಆ ತೋಟದಲ್ಲಿ ಅವಳ ಗಂಡ ವಿಲ್ಫ್ ತನ್ನದೇ ತಳಿಯ ಲೀಕ್ ಬೆಳೆದಿದ್ದ. ಅವನು ಹೋದ ಮೇಲೆ ಥೋರಾ ಬೆಳೆಯುತ್ತಿದ್ದಳು. ಅಡುಗೆಮನೆಗೆ ಅಂಗಡಿಯಿಂದ ತರುವ ಸಣಕಲು ಲೀಕಲ್ಲ ಅದು. ಬಾಳೆದಿಂಡಿನ ಮರಿಯಂತೆ ದಪ್ಪಗೆ, ಬೆಳ್ಳಗೆ, ತಲೆಯ ಮೇಲೆ ಹಸಿರು ಎಲೆಗಳ ಬೀಸಣಿಗೆ ಹೊತ್ತು ನಿಲ್ಲುವಂಥದ್ದು. ಒಂದೆಲೆ ಮುರಿದರೆ, ಮೈಮೇಲೊಂದು ಗೀರು ಬಿದ್ದರೆ, ತೀರ್ಪುಗಾರ ಮುಖ ತಿರುಗಿಸಿ ಮುಂದೆ ಹೋಗುತ್ತಾನೆ.

ವಿದರ್ಲಾದ ಹಾಲ್ ಸೋರುತ್ತಿದ್ದುದರಿಂದ ಈ ಸಲದ ಪ್ರದರ್ಶನ ಪಕ್ಕದ ಪಟ್ಟಣದಲ್ಲಿ. ಶನಿವಾರದ ಬಸ್ಸು ಅಲ್ಲಿಗೆ ಮುಟ್ಟುವುದು ಊಟದ ಹೊತ್ತು ಕಳೆದ ಮೇಲೆ. ಊರಿಗಿರುವ ಒಬ್ಬನೇ ಟ್ಯಾಕ್ಸಿಯವನು ಹಿಂದೊಮ್ಮೆ ಲೀಕ್ ಹತ್ತಿಸಿಕೊಂಡು, ಆಮೇಲೆ ಕಾರಿನ ಘಾಟಿಗೆ ಮದುಮಗಳೊಬ್ಬಳು ಕಣ್ಣೀರಿಟ್ಟಳೆಂದು ಶಪಥ ಮಾಡಿದ್ದ.

ಅವಳು ತೋಟದ ಬಾಗಿಲು ತೆಗೆಯುವ ಹೊತ್ತಿಗೆ ಬೇಲಿಯಾಚೆ ಮೈದುನ ಲಯನೆಲ್ ಕಾಣಿಸಿಕೊಂಡ. ವಿಲ್ಫ್‌ನ ತಮ್ಮ, ಪಕ್ಕದ ತೋಟದವನು. ಅಣ್ಣನಿಂದ ಲೀಕಿನ ಸಸಿ ಪಡೆದು ಬೆಳೆದವನು ಈಗ ಊರೆಲ್ಲ ಅದು ತನ್ನ ತಳಿಯೆಂದು ಹೇಳಿಕೊಂಡು ತಿರುಗುತ್ತಿದ್ದ. ಅವಳ ತೋಟದ ಮೇಲೆ ಅವನಿಗೆ ಕಣ್ಣಿತ್ತು. ಅದನ್ನವನು ಮುಚ್ಚಿಟ್ಟುಕೊಂಡಿರಲೂ ಇಲ್ಲ. ಬೇಲಿಯ ಉದ್ದಕ್ಕೂ ನಡೆದು, ಅವಳ ಜಾಗದಲ್ಲಿ ತನ್ನ ಗಾಜಿನಮನೆ ಎಲ್ಲಿಂದ ಎಲ್ಲಿಗೆ ಬರಬಹುದೆಂದು ಹೆಜ್ಜೆಯಲ್ಲೇ ಅಳೆಯುತ್ತಿದ್ದ.

"ಕಾರು ಕೈಕೊಡ್ತಂತಲ್ಲ ಅತ್ತಿಗೆ?"

"ಸುದ್ದಿ ನನಗಿಂತ ಮುಂಚೆ ಮನೆಗೆ ಬಂತು ಅನ್ನು."

"ಯೋಚನೆ ಯಾಕೆ? ನಾನಿಲ್ವಾ? ಅಳಿಯ ಡ್ಯಾರೆನ್‌ನ ವ್ಯಾನ್ ತರ್ತೀನಿ. ನಿಮ್ಮ ಮೂರು, ನನ್ನ ಮೂರು, ಎಲ್ಲಾ ಹಿಂದೆ ಹಾಕ್ಕೊಂಡು ಹೋಗಿ ಇಟ್ಟುಬಿಡ್ತೀನಿ. ನೀವು ನಿಧಾನಕ್ಕೆ ಬಸ್ಸಲ್ಲಿ ಬನ್ನಿ."

ತನ್ನ ಲೀಕು ಅವನ ಕೈಗೆ! ದಾರಿಯಲ್ಲಿ ಒಂದೇ ಒಂದು ಎಲೆ ತಾನಾಗಿ ಮುರಿದುಕೊಂಡಿರುತ್ತದೆ. ಅವನು ತಲೆಯಾಡಿಸುತ್ತಾ ಅಯ್ಯೋ ಪಾಪ ಅನ್ನುತ್ತಾನೆ. ಅವಳಿಗೆ ಆ ಅಯ್ಯೋ ಪಾಪ ಈಗಲೇ ಕಿವಿಗೆ ಬಿತ್ತು.

"ಡ್ಯಾರೆನ್ ವ್ಯಾನಿಗೆ ಡ್ಯಾರೆನ್ ಹೆಸರಲ್ಲಿ ವಿಮೆ ಇರೋದು. ನೀನು ಹೇಗೆ ಓಡಿಸ್ತೀಯ?"

ಲಯನೆಲ್ ನಕ್ಕ. ಹೆಂಗಸರಿಗೆ ಕಾರಿನ ವಿಷಯ ತಿಳಿಹೇಳುವಾಗ ನಗಲೆಂದೇ ಅವನೊಂದು ನಗೆ ಸಾಕಿಕೊಂಡಿದ್ದ. "ನಂದು ಫುಲ್ ಇನ್ಶೂರೆನ್ಸ್, ಅತ್ತಿಗೆ. ಮದುವೆಗೆ ಮುಂಚಿನಿಂದ. ಫುಲ್ ಇರೋನು ಯಾರ ಗಾಡಿ ಬೇಕಾದ್ರೂ ಓಡಿಸ್ಬಹುದು. ರಾಣಿ ಗಾಡಿ ಕೊಟ್ಟಿದ್ರೂ ಓಡಿಸ್ತಿದ್ದೆ."

"ಅದು ಎಲ್ಲಾ ವಿಮೇಲೂ ಇರಲ್ಲ. ಹಿಂದೆ ಪುಕ್ಕಟೆ ಸೇರಿಸಿ ಕೊಡ್ತಿದ್ರು, ಈಗ ಎಷ್ಟೋ ಕಂಪನಿಗಳು ತೆಗೆದುಹಾಕಿವೆ. ಇದ್ರೂ ಎದುರಿನವನಿಗಾದ ನಷ್ಟಕ್ಕೆ ಮಾತ್ರ. ನೀನು ಓಡಿಸ್ತಿರೋ ಗಾಡಿ ಪುಡಿಯಾದ್ರೆ ಯಾರೂ ಕೇಳಲ್ಲ. ಹೋದ ವರ್ಷ ನೀನು ಅಗ್ಗ ಅಂತ ಕಂಪನಿ ಬದಲಾಯಿಸಿದೆಯಲ್ಲ, ಹೊಸದರಲ್ಲಿ ಇದ್ಯಾ ನೋಡಿದ್ಯಾ?"

"ನೋಡೋದೇನು? ಫುಲ್ ಅಂದ್ರೆ ಫುಲ್ಲು. ಹೊಟ್ಟೆ ತುಂಬ ಊಟ ಅಂದ್ಮೇಲೆ ಎಲೆ ಕೆಳಗೆ ಇಣುಕಿ ನೋಡ್ತಾರಾ?"

"ತಿನ್ನೋಕೆ ಮುಂಚೆ ಎಲೆ ಮೇಲೆ ಏನಿದೆ ಅಂತ ನೋಡೋರು ಇದಾರಪ್ಪ," ಎಂದಳು ಥೋರಾ.

ಲಯನೆಲ್‌ನಂಥವರು ಆ ಊರಿನಲ್ಲಿ ಹಿಡಿಹಿಡಿಯಾಗಿ ಸಿಗುತ್ತಾರೆ. ಅವರ ಅಪ್ಪಂದಿರು ಹಾಗೆ ಓಡಿಸಿದರು, ಅವರೂ ಓಡಿಸುತ್ತಾರೆ. ಕ್ಲಬ್ಬಿನ ಬಾರಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡದ್ದು ಪಾರ್ಲಿಮೆಂಟಿನ ಕಾನೂನಿಗಿಂತ ಗಟ್ಟಿ. ಕಾಗದ ಬಂದರೆ ಲಕೋಟೆ ಒಡೆಯುವುದಿಲ್ಲ. ಒಡೆದರೂ ಎಷ್ಟು ಕಟ್ಟಬೇಕೆನ್ನುವ ಸಾಲು ದಾಟಿ ಕೆಳಗೆ ಕಣ್ಣು ಹಾಯಿಸುವುದಿಲ್ಲ. ಅಲ್ಪ ತಿಳಿವಳಿಕೆ ಇದ್ದವರನ್ನು ಥೋರಾ ಕ್ಷಮಿಸಬಲ್ಲಳು. ತಿಳಿಯದ್ದನ್ನೇ ಎದೆ ಸೆಟೆಸಿ ಹೇಳುವವರನ್ನು ಕಂಡರೆ ಅವಳಿಗೆ ಒದ್ದೆ ಕಾಲುಚೀಲ ಹಾಕಿಕೊಂಡ ಹಾಗಾಗುತ್ತಿತ್ತು.

ಸಂಜೆ ಎದುರುಮನೆಯ ಇಸೊಬೆಲ್ ತಾನಾಗಿಯೇ ಬಂದಳು. ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸು. ಬಂದವಳೇ ಕಾರಿನ ಕೀಲಿಕೈಯನ್ನು ಟೀಪಾಟಿನ ಪಕ್ಕ ಇಟ್ಟಳು.

"ಶನಿವಾರ ನಾನು ಮಧ್ಯಾಹ್ನದ ತನಕ ಗೊರಕೆ ಹೊಡೀತಿರ್ತೀನಿ, ಮಿಸ್. ಕಾರು ಸುಮ್ನೆ ನಿಂತಿರುತ್ತೆ. ತಗೊಂಡು ಹೋಗಿ. ನಂದೇ ವಿಮೇಗೆ ಫೋನ್ ಮಾಡಿ ನಿಮ್ಮ ಹೆಸರೂ ಸೇರಿಸಿಬಿಡ್ಲಾ?"

"ಬೇಡ ಕಂದಾ. ನಿನ್ನ ವಿಮೇಲಿ ನಾನು ಸೇರಿ ಎಲ್ಲಾದ್ರೂ ಗುದ್ದಿದ್ರೆ ಏಟು ಬೀಳೋದು ನಿನಗೆ. ಇಷ್ಟು ವರ್ಷ ಒಂದು ಕ್ಲೈಮೂ ಮಾಡದೆ ಗಳಿಸಿದ ಬೋನಸ್ ನನ್ನ ಮೂರು ಲೀಕಿಗೋಸ್ಕರ ಹೋಗೋದಾ? ನಾನೇ ಬೇರೆ ಒಂದು ದಿನದ ವಿಮೆ ತಗೊಳ್ತೀನಿ. ಗುದ್ದಿದ್ರೆ ನನ್ನ ತಲೆಗೆ, ನಿನ್ನದಕ್ಕೆ ಮುಟ್ಟಲ್ಲ."

"ಒಂದು ದಿನಕ್ಕೂ ಕೊಡ್ತಾರಾ?"

"ಒಂದು ಗಂಟೆಗೂ ಕೊಡ್ತಾರಂತೆ. ಕೊಡೋದು ನಿಜವಾ ಅಂತ ನೋಡ್ಬೇಕು."

ಇಸೊಬೆಲ್ ಎದ್ದು ಹೊರಟವಳು ಬಾಗಿಲಲ್ಲಿ ತಿರುಗಿ, "ಬ್ರೇಕ್ ಸ್ವಲ್ಪ ಚುರುಕು, ಮೆತ್ತಗೆ ಒತ್ತಿ," ಎಂದಳು. ತನ್ನ ಕಾರಿಗೇನಾದೀತೆಂಬ ಭಯದ ಮಾತಲ್ಲ ಅದು, ಲೀಕು ಮುಗ್ಗರಿಸೀತೆಂದು.

ಶುಕ್ರವಾರ ಬೆಳಿಗ್ಗೆ ಥೋರಾ ಕನ್ನಡಕ ಏರಿಸಿ ಕಂಪ್ಯೂಟರಿನ ಮುಂದೆ ಕೂತಳು. ಮೊದಲು ಸಿಕ್ಕ ಕಂಪನಿಗೆ ಒಂದು ಗಿಳಿ ಇತ್ತು. ಗಿಳಿ ಪರದೆಯ ಮೂಲೆಯಿಂದ ಹಾರಿಬಂದು, "ಕಣ್ಣು ಮಿಟುಕಿಸೋದ್ರಲ್ಲಿ ವಿಮೆ!" ಎಂದು ಕಿರುಚಿತು. ಅವಳು ಕಣ್ಣು ಮಿಟುಕಿಸದೆ ಕೆಳಗಿನ ಸಣ್ಣ ಅಕ್ಷರ ಓದಿದಳು. ಅಪಘಾತವಾದರೆ ಮೊದಲ ಪಾಲಿನ ನಷ್ಟ ಓಡಿಸಿದವರೇ ಕೊಡಬೇಕು, ಉಳಿದದ್ದು ಕಂಪನಿ ಕೊಡುತ್ತದೆ ಎಂದಿತ್ತು. ಆ ಮೊದಲ ಪಾಲು ಎಷ್ಟಿತ್ತೆಂದರೆ ಇಸೊಬೆಲ್‌ಳ ಕಾರನ್ನು ಪೂರ್ತಿ ಜಜ್ಜಿದರೂ ಉಳಿದದ್ದು ಅನ್ನುವುದು ಏನೂ ಉಳಿಯುತ್ತಿರಲಿಲ್ಲ. ಅಗ್ಗ ಯಾಕೆಂದು ಅರ್ಥವಾಯಿತು. ಅಡಿಯಿಲ್ಲದ ಕೊಡವನ್ನು ಯಾರು ಬೇಕಾದರೂ ಅಗ್ಗಕ್ಕೆ ಮಾರಬಹುದು. ಗಿಳಿಯನ್ನು ಮುಚ್ಚಿದಳು.

ಎರಡನೆಯದು ನಯವಾಗಿ ಮಾತಾಡಿಸಿತು. ಹೆಸರು ಕೇಳಿತು, ಲೈಸೆನ್ಸ್ ಕೇಳಿತು, ಹುಟ್ಟಿದ ವರ್ಷ ಕೇಳಿತು. ಅದನ್ನು ಹೇಳಿದ ಕೂಡಲೇ ಕ್ಷಮಿಸಿ ಎಂದು ಬಾಗಿಲು ಹಾಕಿಕೊಂಡಿತು. ಎಪ್ಪತ್ತು ದಾಟಿದವರು ಅವರ ಲೆಕ್ಕದಲ್ಲಿ ಮನುಷ್ಯರಲ್ಲ. ಆ ಮಾತು ಮೊದಲೇ ಹೇಳಿದ್ದರೆ ಅವಳ ಅರ್ಧ ಬೆಳಗು ಉಳಿಯುತ್ತಿತ್ತು; ಆದರೆ ಮೊದಲೇ ಹೇಳುವುದು ವ್ಯಾಪಾರಸ್ಥರ ಜಾಯಮಾನವಲ್ಲ. ಪಾದ್ರಿಗೆ ಇನ್ನೂ ನಲವತ್ತು ತುಂಬಿಲ್ಲ. ಅವನು ಬಂದಿದ್ದರೆ ಹೂಹಾರ ಹಾಕಿ ಒಳಗೆ ಕರೆಯುತ್ತಿದ್ದರು.

ಮೂರನೆಯ ಕಂಪನಿ ಮನುಷ್ಯರ ಭಾಷೆಯಲ್ಲಿ ಬರೆದಿತ್ತು. ಮೊದಲ ಪಾಲು ತಡೆದುಕೊಳ್ಳುವಷ್ಟಿತ್ತು. ಗುದ್ದಿಸಿಕೊಂಡವರ ನಷ್ಟವೂ ಗುದ್ದಿದ ಕಾರಿನ ನಷ್ಟವೂ ಎರಡೂ ಸೇರಿತ್ತು. ಒಡೆಯರ ಒಪ್ಪಿಗೆ ಬೇಕು ಎಂದಿತ್ತು, ಅದು ಇತ್ತು. ಆದರೆ ಅಲ್ಲೊಂದು ಕೊಕ್ಕೆ ಕಣ್ಣಿಗೆ ಬಿತ್ತು: ವಿಮೆ ಯಾವಾಗಿನಿಂದ ಎನ್ನುವಲ್ಲಿ ಈಗಿನಿಂದ ಎಂದು ಅವರೇ ತುಂಬಿಟ್ಟಿದ್ದರು. ಆತುರದವರು ಒತ್ತಿದರೆ ಶುಕ್ರವಾರ ಬೆಳಿಗ್ಗೆ ಶುರುವಾಗಿ ಶನಿವಾರ ದಾರಿಯ ನಡುವೆ ಮುಗಿಯುತ್ತದೆ. ಅವಳು ಶನಿವಾರ ಬೆಳಗಿನ ಚಹಾದ ಹೊತ್ತನ್ನು ತುಂಬಿದಳು. ಬರಿಯ ಕೆಲವು ಗಂಟೆಗಳಿಗೆ ತೆಗೆದುಕೊಂಡರೆ ಇನ್ನೂ ಕಡಿಮೆಗೆ ಸಿಗುತ್ತಿತ್ತು. ಆದರೆ ತೀರ್ಪುಗಾರರು ಮಾತಿಗೆ ನಿಂತರೆ ಗಡಿಯಾರ ನೋಡುವವರಲ್ಲ. ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ವಿಮೆ ಮುಗಿದರೆ ಮಿಕ್ಕರ್ಧ ಕಾರನ್ನು ತಳ್ಳಿಕೊಂಡು ಬರುವುದೇ? ಇಡೀ ದಿನದ್ದನ್ನೇ ಆರಿಸಿದಳು.

ಕೊನೆಯ ಪ್ರಶ್ನೆಗೆ ತಡೆದಳು. ಕಾರು ಬಳಸುವುದು ಸ್ವಂತಕ್ಕೋ ವ್ಯಾಪಾರಕ್ಕೋ? ಲೀಕಿಗೆ ಬಹುಮಾನ ಬರಬಹುದು. ಬಹುಮಾನ ಬಂದರೆ ವ್ಯಾಪಾರವೇ? ಲಯನೆಲ್ ಆಗಿದ್ದರೆ ಯೋಚಿಸದೆ ಗುಂಡಿ ಒತ್ತುತ್ತಿದ್ದ. ಅವಳು ಫೋನ್ ಮಾಡಿದಳು. ತಂತಿಯಾಚೆ ಪಿಟೀಲು ಬಾರಿಸಿದರು, ನಿಮ್ಮ ಕರೆ ನಮಗೆ ಅಮೂಲ್ಯ ಎಂದರು, ಮತ್ತೆ ಪಿಟೀಲು ಬಾರಿಸಿದರು. ಅಮೂಲ್ಯವಾದದ್ದನ್ನು ಇಷ್ಟು ಹೊತ್ತು ಕಾಯಿಸುವವರನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ. ಕಡೆಗೊಬ್ಬ ಹುಡುಗಿ ಬಂದಳು.

"ಲೀಕ್ ಅಂದ್ರಾ? ತರಕಾರಿ ಲೀಕಾ?"

"ಹೌದಮ್ಮ. ಸ್ಪರ್ಧೆಗೆ."

"ನೀವು ಅದನ್ನ ಮಾರ್ತೀರಾ?"

"ಮಾರೋದಾ? ಅದನ್ನ ಮುಟ್ಟೋಕೂ ಬಿಡಲ್ಲ ನಾನು."

ಹುಡುಗಿ ನಕ್ಕಳು. ತನಗೂ ಸರಿಯಾಗಿ ಗೊತ್ತಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿ, ಮೇಲಿನವರನ್ನು ಕೇಳಿ ಬಂದಳು. ಹವ್ಯಾಸದ ಸ್ಪರ್ಧೆ ಸ್ವಂತ ಬಳಕೆಯೇ. ದುಡ್ಡು ತಗೊಂಡು ಇನ್ನೊಬ್ಬರ ಸಾಮಾನು ಸಾಗಿಸಿದರೆ ಮಾತ್ರ ವ್ಯಾಪಾರ. ಫೋನ್ ಇಡುವ ಮುಂಚೆ ಆ ಹುಡುಗಿ, "ನಮ್ಮಜ್ಜನೂ ಕುಂಬಳಕಾಯಿ ಇಡ್ತಿದ್ರು. ನಿಮ್ಮದು ಗೆಲ್ಲಲಿ," ಎಂದಳು. ಪಿಟೀಲಿನ ಪಾಪವನ್ನು ಥೋರಾ ಅಲ್ಲಿಗೆ ಮನ್ನಿಸಿದಳು.

ಸಂಜೆ ಬೇಲಿಯಾಚೆಯಿಂದ ಲಯನೆಲ್ ಕೇಳಿದ, "ತಗೊಂಡ್ರಂತಲ್ಲ, ಒಂದು ದಿನದ ವಿಮೆ! ಮಳೆ ಬರುತ್ತೆ ಅಂತ ಅರ್ಧ ಗಂಟೆಗೆ ಛತ್ರಿ ಬಾಡಿಗೆ ತಗೊಂಡ ಹಾಗಾಯ್ತು."

"ಮಳೆ ಅರ್ಧ ಗಂಟೆ ಬಂದ್ರೆ ಛತ್ರಿ ಯಾಕೆ ಇಡೀ ವರ್ಷಕ್ಕೆ ಬೇಕು, ಲಯನೆಲ್?"

"ನಮ್ಮಣ್ಣ ಇದ್ದಿದ್ರೆ ನಗ್ತಿದ್ದ."

"ನಗ್ತಿದ್ದ. ನಿನ್ನನ್ನ ನೋಡಿ."

ಶನಿವಾರ ಬೆಳಿಗ್ಗೆ ಮಳೆ ಜಿನುಗುತ್ತಿತ್ತು. ಹಿಂದಿನ ಸಂಜೆಯೇ ಕಿತ್ತು, ಬೇರು ತೊಳೆದು, ಬಿಳಿಯ ಮೈಯನ್ನು ಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿಟ್ಟಿದ್ದ ಮೂರು ಲೀಕನ್ನು ಒದ್ದೆ ಟವೆಲ್ಲಿನಲ್ಲಿ ಸುತ್ತಿ, ಹಸುಗೂಸು ಎತ್ತಿದಂತೆ ಎತ್ತಿ ಹೊರಗೆ ತಂದಳು. ಕಾರಿನ ಹಿಂದಿನ ಸೀಟಿನ ಮೇಲೆ ಇಸೊಬೆಲ್ ದಪ್ಪ ಕಂಬಳಿಯೊಂದನ್ನು ಮಡಿಸಿ ಹಾಸಿಟ್ಟಿದ್ದಳು. ರಾತ್ರಿಯೆಲ್ಲ ದುಡಿದು ಬಂದು, ಮಲಗುವ ಮುಂಚೆ ನೆನಪಿಟ್ಟು ಮಾಡಿದ ಕೆಲಸ. ಥೋರಾ ಎದುರುಮನೆಯ ಮುಚ್ಚಿದ ಪರದೆಯ ಕಡೆ ಒಮ್ಮೆ ನೋಡಿ, ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡು ಹೊರಟಳು.

ಅವಳು ನಿಧಾನವಾಗಿ ಓಡಿಸಿದಳು. ಹಿಂದೆ ಬಂದವರು ಹಾರ್ನ್ ಹೊಡೆದರು. ಹೊಡೆಯಲಿ, ಅವರ ಸೀಟಿನ ಮೇಲೆ ಏನಿತ್ತು, ಚಿಪ್ಸ್ ಪೊಟ್ಟಣ. ಪಟ್ಟಣ ಇನ್ನು ಸ್ವಲ್ಪ ದೂರ ಇರುವಾಗ, ಹಳೆಯ ಕಲ್ಲಿದ್ದಲ ದಿಬ್ಬದ ತಿರುವಿನಲ್ಲಿ, ನೀಲಿ ದೀಪ ಮಿನುಗುವುದು ಕಂಡಿತು. ಪೊಲೀಸ್ ಕಾರಿನ ಮುಂದೆ ಡ್ಯಾರೆನ್‌ನ ಬಿಳಿ ವ್ಯಾನ್. ವ್ಯಾನಿನ ಪಕ್ಕ ಟೋಪಿಯಿಂದ ನೀರು ಸುರಿಸಿಕೊಂಡು, ಎರಡೂ ಕೈ ಬೀಸುತ್ತಾ ಲಯನೆಲ್.

ದಾಟಿ ಹೋಗಬಹುದಿತ್ತು. ಅವಳ ಕಾಲು ಅರೆಗಳಿಗೆ ಆ ವಿಚಾರ ಮಾಡಿತು. ಆಮೇಲೆ ಬ್ರೇಕ್ ಒತ್ತಿತು, ಮೆತ್ತಗೆ.

ನಡೆದದ್ದು ಸರಳ. ವ್ಯಾನಿನ ಹಿಂದಿನ ಒಂದು ದೀಪ ಕೆಟ್ಟಿತ್ತು. ಅದನ್ನು ಹೇಳಲೆಂದಷ್ಟೇ ಯುವತಿ ಪೊಲೀಸೊಬ್ಬಳು ಕೈ ಅಡ್ಡ ಹಿಡಿದಳು. ಲಯನೆಲ್ ದೀಪದ ಮಾತಿಗೆ ಹೂಂ ಎಂದು ಸುಮ್ಮನಿದ್ದರೆ ಆಗುತ್ತಿತ್ತು; ಇದು ನನ್ನ ವ್ಯಾನೇ ಅಲ್ಲ, ನಂದು ಫುಲ್ ಇನ್ಶೂರೆನ್ಸ್, ನಾನು ಯಾರದ್ದು ಬೇಕಾದರೂ ಓಡಿಸುತ್ತೇನೆ ಎಂದು ಭಾಷಣ ಶುರುಮಾಡಿದ. ಅವಳು ಅವನ ಕಂಪನಿಗೇ ಕೇಳಿ ನೋಡಿದಳು. ಅವನ ಸ್ವಂತ ಕಾರೊಂದನ್ನು ಬಿಟ್ಟು ಬೇರೆ ಯಾವುದನ್ನೂ ಓಡಿಸುವಂತಿಲ್ಲವೆಂದು ಉತ್ತರ ಬಂತು. ವಿಮೆಯಿಲ್ಲದೆ ಓಡಿಸಿದ ಗಾಡಿಯನ್ನು ಈಗ ಎಳೆದೊಯ್ಯಲು ಲಾರಿ ಬರುತ್ತಿತ್ತು.

"ಅತ್ತಿಗೇ! ದೇವರು ಕಳಿಸಿದ ಹಾಗೆ ಬಂದ್ರಿ," ಎಂದ ಲಯನೆಲ್. "ಆ ನಿಮ್ಮ ಒಂದು ದಿನದ್ದು ಇದ್ಯಲ್ಲ, ಫೋನಲ್ಲಿ ಈಗಲೇ ನನಗೂ ಒಂದು ಮಾಡಿಕೊಡಿ. ಬೇಗ!"

"ಛತ್ರಿ ಬಾಡಿಗೆ ಬೇಕಾ?"

"ಹಂಗಿಸೋಕೆ ಇದಾ ಹೊತ್ತು?"

"ಈಗ ತಗೊಂಡದ್ದು ಈಗಿನಿಂದ ಶುರು ಆಗುತ್ತೆ, ಲಯನೆಲ್. ಮನೆಯಿಂದ ಇಲ್ಲೀತನಕ ಓಡಿಸಿಕೊಂಡು ಬಂದದ್ದಕ್ಕೆ ಏನು ಮಾಡ್ತೀಯ? ಹಿಂದಕ್ಕೆ ಹೋಗಿ ನಡ್ಕೊಂಡು ಬರ್ತೀಯಾ?"

ಪೊಲೀಸ್ ಹುಡುಗಿ ಬೇರೆ ಕಡೆ ಮುಖ ಮಾಡಿ ಕೆಮ್ಮಿದಳು. "ಅವರು ಹೇಳೋದು ಸರಿ ಸರ್," ಎಂದಳು. "ವ್ಯಾನ್ ಬಿಡಿಸಿಕೊಳ್ಳೋಕೆ ಒಡೆಯರೇ ಬರ್ಬೇಕು, ಅದಕ್ಕೆ ಒಪ್ಪೋ ವಿಮೇನೂ ಬೇಕು. ಇಂಥ ದಿನದ ವಿಮೆಗಳು ಬಹಳಷ್ಟು ಅದಕ್ಕೆ ನಡಿಯಲ್ಲ."

"ಹಾಗಾದ್ರೆ ನನ್ನ ಲೀಕು?"

ಆಗ ಥೋರಾಳ ಕಣ್ಣಿಗೆ ಬಿತ್ತು. ವ್ಯಾನಿನಿಂದ ಇಳಿಸಿದ ಮರದ ಪೆಟ್ಟಿಗೆ ರಸ್ತೆಯ ಬದಿಯ ಕಲ್ಲಿನ ಮೇಲಿತ್ತು. ಅದರ ಮೇಲೆ ಮಳೆ ಬೀಳದಂತೆ ಪೊಲೀಸ್ ಹುಡುಗಿ ತನ್ನ ಹಳದಿ ರೇನ್‌ಕೋಟು ಬಿಚ್ಚಿ ಹೊದಿಸಿದ್ದಳು. ಅವಳ ಅಂಗಿಯ ಭುಜ ನೆನೆದು ಮೈಗಂಟಿತ್ತು. ಲಯನೆಲ್ ಅದನ್ನು ಕಂಡೇ ಇರಲಿಲ್ಲ. ಲಾಯರು, ಪತ್ರಿಕೆ, ಮಂತ್ರಿಗೆ ದೂರು ಎಂದು ಏನೇನೋ ಹೇಳುತ್ತಿದ್ದ.

ಥೋರಾ ಕೋಟಿನ ತುದಿ ಎತ್ತಿ ನೋಡಿದಳು. ಮೂರೂ ವಿಲ್ಫ್‌ನ ತಳಿ. ಅದೇ ನೆಟ್ಟ ನಿಲುವು, ಎಲೆ ಮೈಯಿಂದ ಒಡೆಯುವಲ್ಲಿ ಅದೇ ಬಿಗಿ. ಇವು ಹನ್ನೆರಡರೊಳಗೆ ಮೇಜು ಮುಟ್ಟದಿದ್ದರೆ ಲಯನೆಲ್‌ನ ತೋಟ ಹೋಗುತ್ತದೆ. ಇವನ್ನೂ ಹೇರಿಕೊಂಡು ಹೋಗುತ್ತಾ ಹೊತ್ತು ಮೀರಿದರೆ ಅವಳದೂ ಹೋಗುತ್ತದೆ. ಅವಳು ಅವನನ್ನೊಮ್ಮೆ ನೋಡಿದಳು: ಒದ್ದೆ ಮೀಸೆ, ಬಡಾಯಿ ಇಳಿಯದ ಗದ್ದ. ತೋಟವಿಲ್ಲದ ಲಯನೆಲ್ ಇಡೀ ದಿನ ಎಲ್ಲಿ ನಿಂತಾನು? ಅವಳ ಬೇಲಿಯ ಹತ್ತಿರ. ಬೆಳಿಗ್ಗೆಯಿಂದ ಸಂಜೆಯ ತನಕ, ಹೀಗೆ ಅಗೆಯಿರಿ ಹಾಗೆ ನೀರು ಹಾಕಿ ಎನ್ನುತ್ತಾ. ಆ ಶಿಕ್ಷೆಯನ್ನು ತಾನೇ ಯಾಕೆ ತಲೆಯ ಮೇಲೆ ಎಳೆದುಕೊಳ್ಳಬೇಕು?

ಪೆಟ್ಟಿಗೆಯ ಒಂದು ಕಿವಿ ಹಿಡಿದಳು. ಇನ್ನೊಂದನ್ನು ಪೊಲೀಸ್ ಹುಡುಗಿ ಹಿಡಿದಳು. ಮುಂದಿನ ಸೀಟಿನ ಮೇಲಿಟ್ಟು ಬೆಲ್ಟ್ ಬಿಗಿದರು.

"ಅಲ್ಲ, ನಾನೆಲ್ಲಿ ಕೂರ್ಲಿ?" ಎಂದ ಲಯನೆಲ್.

"ಹಿಂದೆ ನನ್ನ ಲೀಕಿದೆ. ಮುಂದೆ ನಿನ್ನದಿದೆ. ನೀನು ಲಾರಿ ಬರೋತನಕ ಇಲ್ಲಿರು, ಆಮೇಲೆ ಬಸ್ಸಲ್ಲಿ ನಿಧಾನಕ್ಕೆ ಬಾ."

"ಬೇರೆಯವರ ಸಾಮಾನು ಸಾಗಿಸಿದ್ರೆ ವಿಮೆ ನಡಿಯುತ್ತಾ? ಎಲ್ಲಾ ಓದಿದೀರಲ್ಲ, ಹೇಳಿ!"

"ದುಡ್ಡು ತಗೊಂಡ್ರೆ ನಡಿಯಲ್ಲ. ನಿನ್ನ ಕೈಯಿಂದ ಒಂದು ಥ್ಯಾಂಕ್ಸೂ ಹುಟ್ಟಲ್ಲ ಅಂತ ಊರಿಗೇ ಗೊತ್ತು. ಹಾಗಾಗಿ ಏನೂ ತೊಂದರೆ ಇಲ್ಲ."

ಕೋಟನ್ನು ಹುಡುಗಿಗೆ ವಾಪಸ್ ಕೊಡುವಾಗ ಥೋರಾ ಅದನ್ನು ಎರಡು ಸಲ ಕೊಡವಿ, ತೋಳು ತೂರಿಸಲು ಸಲೀಸಾಗುವಂತೆ ಹಿಡಿದಳು.

ಪಟ್ಟಣದಲ್ಲಿ ಶನಿವಾರದ ಸಂತೆ. ರಸ್ತೆಯ ನಡುವೆಯೇ ಮನುಷ್ಯರು ಸಾಸೇಜು ತಿನ್ನುತ್ತಾ ನಿಂತಿದ್ದರು. ತಾವು ತಿನ್ನುತ್ತಿರುವಾಗ ಜಗತ್ತು ಸುತ್ತು ಬಳಸಿ ಹೋಗಬೇಕೆಂಬಂತೆ. ಹಾಲ್ ಮುಂದೆ ಜಾಗವಿರಲಿಲ್ಲ. ಹಿಂಬದಿಯ ಓಣಿಯಲ್ಲಿ ಕಾರು ನಿಲ್ಲಿಸಿ, ತನ್ನ ಮೂರನ್ನು ತೋಳಿಗೆ ಎತ್ತಿಕೊಂಡು ಹೆಚ್ಚುಕಡಿಮೆ ಓಡಿದಳು.

ಕ್ಲಬ್ಬಿನ ಕಾರ್ಯದರ್ಶಿ ಬ್ರ್ಯಾಂಡ್ಲಿಂಗ್ ಬಾಗಿಲಲ್ಲೇ ನಿಂತಿದ್ದ. ಎತ್ತರದ ಮುದುಕ, ಕಾಯಿದೆಯ ಮನುಷ್ಯ. ಹೋದ ವರ್ಷ ತನ್ನ ಸ್ವಂತ ಅಣ್ಣನನ್ನೇ ತಡವಾಯಿತೆಂದು ಹೊರಗೆ ನಿಲ್ಲಿಸಿದ್ದವನು. ಅವನ ತಲೆಯ ಮೇಲಿನ ಗಡಿಯಾರದ ಎರಡು ಮುಳ್ಳೂ ಒಂದನ್ನೊಂದು ಮುಟ್ಟುವುದರಲ್ಲಿದ್ದವು.

"ಬನ್ನಿ ಥೋರಾ, ಬನ್ನಿ. ಆ ಕಿಟಕಿ ಹತ್ತಿರದ ಜಾಗ ನಿಮ್ಮದು."

ಕಪ್ಪು ಬಟ್ಟೆಯ ಮೇಲೆ ಮೂರನ್ನೂ ಮಲಗಿಸಿ, ಎಲೆ ಹರಡಿ, ಟವೆಲ್ ತೆಗೆದಳು. ತೋಟ ಉಳಿಯಿತು. ಉಸಿರು ಬಿಡುವ ಬದಲು ಬಾಗಿಲ ಕಡೆ ತಿರುಗಿದಳು.

"ಇನ್ನೂ ಮೂರಿದೆ ಕಾರಲ್ಲಿ. ಲಯನೆಲ್‌ದು. ಅವನನ್ನ ಪೊಲೀಸರು ಹಿಡಿದಿದಾರೆ."

"ಲಯನೆಲ್‌ನ? ಯಾಕೆ?"

"ಫುಲ್ ಇನ್ಶೂರೆನ್ಸ್ ಇದ್ದದ್ದಕ್ಕೆ."

ಬ್ರ್ಯಾಂಡ್ಲಿಂಗ್ ಗಡಿಯಾರ ನೋಡಿದ. ಆಮೇಲೆ ಬಹಳ ಸಾವಕಾಶವಾಗಿ ಕನ್ನಡಕ ತೆಗೆದ. ಜೇಬಿನಿಂದ ಕರವಸ್ತ್ರ ಎಳೆದು ಒಂದು ಗಾಜು ಒರೆಸಿದ, ಬೆಳಕಿಗೆ ಹಿಡಿದ, ಮತ್ತೆ ಒರೆಸಿದ. "ಇದಿಲ್ದೇ ಇದ್ರೆ ನಂಗೆ ಗೋಡೆಯೂ ಕಾಣಲ್ಲ, ಗಡಿಯಾರವೂ ಕಾಣಲ್ಲ," ಎಂದು ಯಾರಿಗೋ ಹೇಳಿದಂತೆ ಹೇಳಿದ. "ಕಾರು ದೂರ ಇದ್ಯಾ?"

"ಹಿಂದಿನ ಓಣಿ."

"ಹಾಗಾದ್ರೆ ಎರಡನೇ ಗಾಜೂ ಒರೆಸ್ಬೇಕು."

ಅವಳು ಪೆಟ್ಟಿಗೆ ಹೊತ್ತು ಏದುಸಿರು ಬಿಡುತ್ತಾ ಬರುವ ತನಕ ಒರೆಸಿದ. ಲಯನೆಲ್‌ನ ಮೂರೂ ಮೇಜಿನ ಮೇಲೆ ಮಲಗಿದ ಮೇಲೆ ಕನ್ನಡಕ ಹಾಕಿಕೊಂಡು, ಗಡಿಯಾರ ನೋಡಿ, "ಹನ್ನೆರಡು," ಎಂದು ಬಾಗಿಲು ಎಳೆದ. ಅದು ಹನ್ನೆರಡಾಗಿರಲಿಲ್ಲ; ಹನ್ನೆರಡು ದಾಟಿ ಸ್ವಲ್ಪ ಹೊತ್ತಾಗಿತ್ತು. ಹಾಲ್‌ನಲ್ಲಿದ್ದ ಗಂಡಸರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

ಲಯನೆಲ್ ಬಂದಾಗ ತೀರ್ಪುಗಾರ ಅಳತೆಪಟ್ಟಿ ಹಿಡಿದು ಅರ್ಧ ಮೇಜು ಮುಗಿಸಿದ್ದ. ಲಯನೆಲ್ ನೇರ ತನ್ನ ಲೀಕಿನ ಹತ್ತಿರ ಹೋದ. ಬಗ್ಗಿ ನೋಡಿದ. ಟೋಪಿಯ ನೀರು ಮೇಜಿನ ಬಟ್ಟೆಯ ಮೇಲೆ ತೊಟ್ಟಿಕ್ಕಿತು.

"ಅತ್ತಿಗೆ, ನಡುವಿನದನ್ನ ತಿರುಗಿಸಿ ಇಟ್ಟಿದೀರಲ್ಲ. ಕಲೆ ಎದುರಿಗೇ ಕಾಣ್ತಾ ಇದೆ."

"ಕಲೆ ಬೆಳೆಸಿದ್ದು ನೀನು. ನಾನು ತಂದದ್ದಷ್ಟೇ."

ಅವನದಕ್ಕೆ ಮೂರನೆಯ ಸ್ಥಾನ ಬಂತು, ಅವಳದಕ್ಕೆ ನಾಲ್ಕನೆಯದು. ಮೂರನೆಯದಕ್ಕೆ ಒಂದು ಕೆಟಲ್ ಕೊಟ್ಟರು. ನಾಲ್ಕನೆಯದಕ್ಕೆ ಚಪ್ಪಾಳೆ. ಲಯನೆಲ್ ಕೆಟಲ್ ಎತ್ತಿ ಹಿಡಿದು, ಇದೆಲ್ಲ ತನ್ನ ತಳಿಯ ಗುಣ ಎಂದು ನಾಲ್ಕು ಮಾತಾಡಿದ. ಪೊಲೀಸರ ಅನ್ಯಾಯದ ಬಗ್ಗೆಯೂ ಮಾತಾಡಿದ. ಪಕ್ಕದಲ್ಲಿ ನಿಂತ ಬ್ರ್ಯಾಂಡ್ಲಿಂಗ್ ಥೋರಾಳ ಕೈಗೆ ಬಿಸಿ ಚಹಾ ಕೊಟ್ಟ. ತಟ್ಟೆಯಲ್ಲಿ ಎರಡು ಬಿಸ್ಕತ್ತಿದ್ದವು.

ಸಂಜೆ ಓಣಿಯಲ್ಲಿ ಕಾರಿನ ಪಕ್ಕ ಲಯನೆಲ್ ಕೆಟಲ್ ತಬ್ಬಿಕೊಂಡು ನಿಂತಿದ್ದ. ಕೊನೆಯ ಬಸ್ಸು ಹೋಗಿಯಾಗಿತ್ತು. ಲೀಕು ನಾಳೆಯ ತನಕ ಹಾಲ್‌ನಲ್ಲೇ ಇರುವುದರಿಂದ ಸೀಟೆಲ್ಲ ಖಾಲಿ. ಥೋರಾ ಬಾಗಿಲು ತೆಗೆದಳು.

"ಹಿಂದೆ ಕೂತ್ಕೋ. ಕಂಬಳಿ ಒದ್ದೆ ಮಾಡಬೇಡ, ಅದು ಇಸೊಬೆಲ್‌ದು."

ಪಟ್ಟಣ ದಾಟಿದ ಮೇಲೆ ಹಿಂದಿನಿಂದ ದನಿ ಬಂತು. "ಅಲ್ಲ ಅತ್ತಿಗೆ, ಇಡೀ ದಿನಕ್ಕೆ ಯಾಕೆ ತಗೊಂಡ್ರಿ? ಗಂಟೆ ಲೆಕ್ಕದಲ್ಲಿ ತಗೊಂಡಿದ್ರೆ ಇನ್ನೂ ಕಡಿಮೆ ಆಗ್ತಿತ್ತಂತೆ. ಬಸ್ಸಲ್ಲಿ ಒಬ್ಬ ಹೇಳ್ದ. ನೀವು ಇಂಥದ್ದನ್ನೆಲ್ಲ ಸ್ವಲ್ಪ ವಿಚಾರಿಸಿ ತಗೋಬೇಕು..."

ಥೋರಾ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ಎಂಜಿನ್ ಆರಿಸಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಮುಂದಿನ ಗಾಜಿನಾಚೆ ನೋಡುತ್ತಾ ಕೂತಳು. ವಿಮೆ ನಾಳೆ ಬೆಳಗಿನ ಚಹಾದ ತನಕ ಇತ್ತು. ಅವಳಿಗೇನೂ ಆತುರವಿರಲಿಲ್ಲ.

ಅವನು ಬಾಯಿ ಮುಚ್ಚಿದ ಮೇಲೆ ಮತ್ತೆ ಎಂಜಿನ್ ಹೊತ್ತಿಸಿ ಮನೆಯ ಕಡೆ ಹೊರಟಳು.